ಪ್ರಕಾಶಕಿ ತಂಗೆವ್ವ

ಜಮಖಂಡಿಯ ಸರಕಾರಿ ಕಚೇರಿಯೊಂದರ ಗುಮಾಸ್ತ ಗಿರಮಲ್ಲಪ್ಪ ಅಂದು ಸಂಜೆ ಮನೆಗೆ ಬಂದವನೇ ಚಪ್ಪಲಿ ಕಿತ್ತು ಗೋಡೆಗೆ ಒಗೆದ. ಸಿಟ್ಟು ಬರಬೇಕಾದದ್ದೇ. ಮೂರು ವರ್ಷ, ಒಂದು ರವಿವಾರ ಬಿಡದೆ, ಚಿಮ್ಮಡದಲ್ಲಿ ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತು ಬೀರೇಶ್ವರನ ಹಾಡುಗಳನ್ನು ಬರೆದುಕೊಂಡಿದ್ದ. ಪುಸ್ತಕ ಬನಹಟ್ಟಿಯಲ್ಲಿ ಕಾಶಪ್ಪನ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ಈಗ ಕಚೇರಿಯ ಸಾಹೇಬರು, ಒಂದು ಹಾಡನ್ನೂ ಕಿವಿಯಿಂದ ಕೇಳದವರು, ಮುಖಪುಟದಲ್ಲಿ ‘ಸಂಗ್ರಹ’ ಎಂದು ತಮ್ಮ ಹೆಸರು ಹಾಕಬೇಕು ಅಂದಿದ್ದರು.

ಒಲ್ಲೆ ಅನ್ನುವಂತಿರಲಿಲ್ಲ. ಸರಕಾರಿ ಪಗಾರ ಉಣ್ಣುವವನು ಬೇರೆ ದಂಧೆ ಮಾಡಬಾರದೆಂದು ಕಾಯಿದೆ. ಅದಕ್ಕೇ ಊರಿನ ಅರ್ಧ ಏಜೆನ್ಸಿ, ಹಿಟ್ಟಿನ ಗಿರಣಿಗಳು ನೌಕರರ ಹೆಂಡಂದಿರ ಹೆಸರಿನಲ್ಲಿದ್ದವು. ಗಿರಮಲ್ಲಪ್ಪ ನಡೆಸುತ್ತಿದ್ದ ‘ಕಂಬಳಿ ಪ್ರಕಾಶನ’ವೂ ಹಾಗೆಯೇ. ನಾಲ್ಕು ಪುಸ್ತಕ ಬಂದಿದ್ದವು, ನಾಲ್ಕರಲ್ಲೂ ‘ಪ್ರಕಾಶಕರು: ಶ್ರೀಮತಿ ತಂಗೆವ್ವ’. ಅವುಗಳ ಧೂಳು ಒರೆಸಿಡುವುದು ಬಿಟ್ಟರೆ ಪ್ರಕಾಶನದಲ್ಲಿ ಆಕೆಗೆ ಬೇರೆ ಕೆಲಸವಿರಲಿಲ್ಲ, ಆಕೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಸಾಹೇಬರಿಗೆ ಎಲ್ಲ ಗೊತ್ತಿತ್ತು. “ಪ್ರಕಾಶನ ಖರೇ ಯಾರದಂತ ಮ್ಯಾಲಿನವರಿಗೆ ನಾ ಯಾಕ ಬರೀಲಿ?” ಎಂದು ನಕ್ಕಿದ್ದರು. ಬರೆದರೆ ನೌಕರಿ ಹೋಗುತ್ತಿತ್ತು.

“ಗೆದ್ದಲ ಕಟ್ಟಿದ ಹುತ್ತ ಹಾವಿಗೆ ಮನಿ ಆತು,” ಗಿರಮಲ್ಲಪ್ಪ ಕೂಗಾಡಿದ. “ಬೆವರು ನಂದು, ಹೆಸರು ಆ ಮನಷ್ಯಾಂದು.”

ತಂಗೆವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. “ನಮ್ಮವ್ವನ ಹೆಸರ ಎಲ್ಲಿ ಹಾಕೀರಿ?”

“ಕಡೀ ಪುಟದಾಗ ಬರದೇನಲ್ಲ, ಹಾಡಿದ ತಾಯಂದಿರಿಗೆ ಶರಣು ಅಂತ.”

“ಹಾಡಿದಾಕಿ ಒಬ್ಬಾಕೀನ. ಹಣಮವ್ವ ಅಂತ ಹೆಸರೈತಿ ಆಕೀಗೆ.”

“ಹೆಸರ ಹಾಕಿದ್ರ ಆಕೀಗೆ ಓದಾಕ ಬರ್ತೈತೇನ?”

“ನಿಮ್ಮ ಸಾಹೇಬಗ ಹಾಡಾಕ ಬರ್ತೈತೇನ್ರಿ?”

ಅವನ ಸಿಟ್ಟು ಹಾಗೇ ಉಳಿಯಿತು. ಉಣ್ಣದೆ ಮಲಗಿದ. ಮರುದಿನ ಕಚೇರಿಯಲ್ಲಿ ಸಾಹೇಬರು ಹೆಸರು ಬರೆದ ಚೀಟಿ ಕೊಟ್ಟರು, ಡಿಗ್ರಿ ಸಮೇತ. ಅದನ್ನು ಜೇಬಿಗಿಟ್ಟುಕೊಂಡು ಸಂಜೆಯ ಬಸ್ಸಿಗೆ ಬನಹಟ್ಟಿಗೆ ಹೊರಟ. ಹೊಟ್ಟೆಪಾಡು, ಏನು ಮಾಡೋದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

“ಮುಖಪುಟ ಹೊಡದಾತ್ರಿ,” ಅಂದ ಕಾಶಪ್ಪ. “ಮುಂಜಾನಿ ತಂಗೆವ್ವಕ್ಕಾರ ಬಂದಿದ್ರು. ಹೀಂಗ ಹಾಕಂತ ಹೇಳಿ ಸಹಿ ಮಾಡಿ ಹೋದ್ರು.”

ಗಿರಮಲ್ಲಪ್ಪ ಹಾಳೆ ಕಸಿದುಕೊಂಡ. ಬೀರೇಶ್ವರನ ಹಾಡುಗಳು. ಹಾಡಿದವರು: ಹಣಮವ್ವ, ಚಿಮ್ಮಡ. ಅದರ ಕೆಳಗೆ ಏನೂ ಇಲ್ಲ. ಹಾಳೆ ತಿರುವಿ ಹಿಂದೆ ನೋಡಿದ, ಮತ್ತೆ ಮುಂದೆ ನೋಡಿದ.

“ನನ್ನ ಹೆಸರ ಎಲ್ಲೈತಿಲೇ? ನನ್ನ ಕೇಳದ ಯಾಕ ಹೊಡದಿ?”

“ಪ್ರಕಾಶಕರ ಹೇಳಿದ ಮ್ಯಾಲ ಮತ್ತ್ಯಾರನ್ನ ಕೇಳ್ಲಿರಿ?”

ಹೆಂಡತಿಯ ಮೇಲೆ ಸಿಟ್ಟು ಉಕ್ಕಿತು. ನಿನ್ನೆ ಸಾಹೇಬರ ಮೇಲೂ ಇಷ್ಟು ಬಂದಿರಲಿಲ್ಲ. ಸಾಹೇಬರ ಹೆಸರೂ ಅಲ್ಲಿಲ್ಲ ಎಂಬುದು ಆಮೇಲೆ ಹೊಳೆಯಿತು. ತಾನು ಮೊದಲು ಹುಡುಕಿದ್ದು ತನ್ನದನ್ನೇ ಎಂಬುದು ಅದಕ್ಕೂ ಆಮೇಲೆ. ನಾಚಿಕೆಯಾಯಿತು, ಆದರೆ ಸಿಟ್ಟೇನೂ ಇಳಿಯಲಿಲ್ಲ.

“ಇದನ್ನ ತಗದು ಬ್ಯಾರೇ ಹೊಡೀಲೇನ್ರಿ?” ಕಾಶಪ್ಪ ಕೇಳಿದ.

ಗಿರಮಲ್ಲಪ್ಪ ಜೇಬಿನ ಚೀಟಿ ತೆಗೆದು ಹರಿದುಹಾಕಿದ.

“ಬ್ಯಾಡ. ಐನೂರೂ ಪ್ರತಿ ಹೀಂಗ ಬೈಂಡ್ ಮಾಡು. ಮೊದಲನೇದ ನನ್ನ ಕೈಯಾಗ ಕೊಡು, ಸಾಹೇಬನ ಟೇಬಲ್ ಮ್ಯಾಲ ನಾನ ಒಯ್ದು ಇಡತೇನಿ.”