ದಾರಿಯಲ್ಲಿ ನೀರು ಕುಡಿಯದ ಡ್ರೈವರ್

ಮೂವತ್ತೊಂದು ವರ್ಷ ದೂರದ ಬಸ್ಸು ಓಡಿಸಿದ ನನ್ನ ಗಂಡ ಡ್ಯೂಟಿಯಲ್ಲಿ ನೀರು ಮುಟ್ಟಿದವರಲ್ಲ. ಕುಡಿದರೆ ನಿಲ್ಲಿಸಬೇಕು, ನಿಲ್ಲಿಸಿದರೆ ಐವತ್ತು ಜನ ಶಾಪ ಹಾಕುತ್ತಾರೆ ಎನ್ನುತ್ತಿದ್ದರು. ಡಿಪೋದವರು ಒಂಟೆ ಎಂದು ಕರೆದರೆ ಬಿರುದು ಸಿಕ್ಕಂತೆ ಹಿಗ್ಗುತ್ತಿದ್ದರು.

ಎರಡು ವರ್ಷದ ಹಿಂದೆ ಅವರ ಹುಣ್ಣಾದ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಸೇರಲು ಚೀಲ ಅಂಟಿಸಿದರು. ನೀರು ಹೀರಿಕೊಳ್ಳುವ ಕರುಳೇ ಇಲ್ಲ, ಉಪ್ಪು ಸಕ್ಕರೆ ಬೆರೆಸಿದ ನೀರು ಆಗಾಗ ಒಳಗೆ ಹೋಗುತ್ತಿರಬೇಕು ಎಂದು ನರ್ಸ್ ಕೂರಿಸಿಕೊಂಡು ಹೇಳಿದ್ದಳು. ಮನೆಯಲ್ಲಿ ನಾನು ಲೋಟ ಹಿಡಿದು ಎದುರಿಗೇ ನಿಲ್ಲುತ್ತಿದ್ದೆ. ಗೊಣಗಿಕೊಂಡು ಕುಡಿಯುತ್ತಿದ್ದರು.

ಹೀಗಿರುವಾಗ ಪರದೇಶದಿಂದ ಅವರ ಅಕ್ಕನ ಮಗಳ ಫೋನ್ ಬಂತು. ಅಮ್ಮನಿಗೆ ಹೆಚ್ಚೆಂದರೆ ಒಂದು ವಾರ, ಮಾವನನ್ನು ನೋಡಬೇಕಂತೆ. ತಾಯಿಯಿಲ್ಲದ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಹೋಟೆಲೊಂದರ ಲಾಂಡ್ರಿಯಲ್ಲಿ ದುಡಿಯಲು ಹೋದವರು, ಹನ್ನೊಂದು ವರ್ಷದಿಂದ ಊರಿಗೆ ಬಂದಿರಲಿಲ್ಲ.

ನಾನು ಸಾಮಾನು ಕಟ್ಟಿದೆ. ಹೊಟ್ಟೆಗೆ ಹಾಕುವ ಚೀಲ ಬೇಕಾದ್ದಕ್ಕಿಂತ ಎರಡರಷ್ಟು, ಅಷ್ಟೂ ಕೈಯಲ್ಲಿ ಹಿಡಿದ ಬ್ಯಾಗಿನಲ್ಲೇ. ದೊಡ್ಡ ಪೆಟ್ಟಿಗೆ ಕಳೆದುಹೋದರೆ ಅಲ್ಲಿ ಯಾರ ಬಾಗಿಲು ತಟ್ಟುವುದು? ವಿಮಾನ ನಿಲ್ದಾಣದಲ್ಲಿ ಕತ್ತರಿ ಕಿತ್ತುಕೊಳ್ಳುತ್ತಾರೆಂದು, ಚೀಲ ಕೂರಿಸಲು ಹೊಟ್ಟೆಗೆ ಅಂಟಿಸುವ ಬಿಲ್ಲೆಗಳ ತೂತನ್ನು ಮನೆಯಲ್ಲೇ ಕತ್ತರಿಸಿಟ್ಟೆ. ತಪಾಸಣೆಯವನು ಅವರ ಹೊಟ್ಟೆ ತಡವಿ ಹುಬ್ಬೇರಿಸಿದಾಗ ಡಾಕ್ಟರ ಚೀಟಿ ತೋರಿಸಿದೆ. ಮರ್ಯಾದೆಯಿಂದಲೇ ಬಿಟ್ಟ. ಎಲ್ಲವೂ ನನ್ನ ಕೈಯಲ್ಲಿದೆ ಎಂದು ಬೀಗಿದೆ.

ಎರಡು ವಿಮಾನ, ಹದಿನೇಳು ಗಂಟೆ. ನಮಗೆ ಬೇರೆ ಬೇರೆ ಸಾಲು ಸಿಕ್ಕಿತ್ತು. ನಾನು ಕತ್ತೆತ್ತಿ ಸನ್ನೆ ಮಾಡಿದಾಗಲೆಲ್ಲ ಖಾಲಿ ಬಾಟಲಿ ಎತ್ತಿ ತೋರಿಸುತ್ತಿದ್ದರು. ಅಪರಿಚಿತರ ಮಧ್ಯೆ ಚೀಲ ತುಂಬದಿರಲಿ ಎಂದು ಊಟ ಬಿಟ್ಟು, ನೀರನ್ನು ಶೌಚಾಲಯದ ಬೇಸಿನ್ನಿಗೆ ಸುರಿದಿದ್ದರೆಂದು ಆಮೇಲೆ ಗೊತ್ತಾಯಿತು. ಮೈಯೊಳಗಿನ ನೀರು ಮಾತ್ರ ಇಳಿದುಹೋಗುತ್ತಲೇ ಇತ್ತು.

ಅಕ್ಕನ ಮಗಳು ನಮ್ಮನ್ನು ನೇರ ಆಸ್ಪತ್ರೆಗೇ ಕರೆದೊಯ್ದಳು. ಕಾರಿನಲ್ಲಿ ಇವರು ಮೀನಖಂಡ ಹಿಡಿದಿದೆ ಎಂದರು. ಕೂತು ಕೂತು ಹಾಗಾಗಿದೆ ಎಂದೆ, ಪೆದ್ದಿ ನಾನು. ಲಿಫ್ಟಿನ ಮುಂದೆ ಗೋಡೆ ಹಿಡಿದು ಜಾರಿ ಕೂತುಬಿಟ್ಟರು. ಡಾಕ್ಟರು ರಕ್ತ ಪರೀಕ್ಷಿಸಿ, ಇನ್ನಷ್ಟು ತಡವಾಗಿದ್ದರೆ ಮೂತ್ರಪಿಂಡವೇ ಕೈಕೊಡುತ್ತಿತ್ತು ಎಂದು ಡ್ರಿಪ್ ಹಾಕಿ ನೆಲಮಹಡಿಯಲ್ಲೇ ಮಲಗಿಸಿದರು. ಅಕ್ಕ ಇದ್ದದ್ದು ಮೂರನೆಯ ಮಹಡಿಯಲ್ಲಿ.

ನಾನೊಬ್ಬಳೇ ಹತ್ತಿದೆ. ಅತ್ತಿಗೆಯ ಕಣ್ಣು ಬಾಗಿಲಿಗೇ ನೆಟ್ಟಿತ್ತು. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. ದಾರಿಯುದ್ದಕ್ಕೂ ನೀರು ಕುಡಿಯದೆ ಬಂದು ಕೆಳಗೆ ಮಲಗಿದ್ದಾರೆ ಎಂದೆ.

“ಕತ್ತೆ. ವಿಮಾನಾನ ಅವನೇ ಓಡಿಸ್ಕೊಂಡು ಬಂದ್ನಾ?” ಎಂದರು. ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು, “ಹಾಗಾದ್ರೆ ನನ್ನನ್ನೇ ಕೆಳಗೆ ಕರ್ಕೊಂಡು ಹೋಗಿ,” ಎಂದರು.

ಮಂಚ ಕದಲಿಸಬಹುದೇ ಎಂದು ಕೇಳಲು ನರ್ಸ್ ಹೋದಳು. ಆಗಬಹುದು ಎಂಬ ಉತ್ತರ ಹೊತ್ತು ಅವಳು ಬರುವಷ್ಟರಲ್ಲಿ ಅತ್ತಿಗೆಯ ಉಸಿರು ನಿಂತಿತ್ತು.

ಸಂಜೆ ಇವರನ್ನು ಡ್ರಿಪ್ಪಿನ ಕಂಬದ ಸಮೇತ ಗಾಲಿಕುರ್ಚಿಯಲ್ಲಿ ಮೇಲೆ ತಂದರು. ಅಕ್ಕನ ಪಾದ ಹಿಡಿದು ಕೂತರು.

“ಬೈದ್ಳಾ?”

“ಬೈದ್ರು.”

“ಏನಂತ?”

ಹೇಳಿದೆ. ಕತ್ತೆ ಎಂದದ್ದನ್ನೂ ಬಿಡಲಿಲ್ಲ. ಕೆಳಗೆ ಬರಲು ಹೊರಟಿದ್ದನ್ನು ಮಾತ್ರ ನುಂಗಿಕೊಂಡೆ.

ಪಾದದಿಂದ ಕೈ ತೆಗೆಯದೆ, “ಇನ್ನೊಂದ್ಸಲ ಹೇಳು,” ಎಂದರು.