ಬರೆಸದ ಮಗ

ಹುಣಸೂರಿನ ಕೋರ್ಟಿನ ಜಗಲಿಯಲ್ಲಿ ಕುಳಿತಿದ್ದ ಪುಟ್ಟಸಿದ್ದಮ್ಮನನ್ನು ವಕೀಲ ಶಿವನಂಜಪ್ಪನವರು ಮೂರನೆಯ ಸಲ ಅದೇ ಮಾತು ಕೇಳಿದರು.

"ಸರಿಯಾಗಿ ಹೇಳಮ್ಮ. ಕಾಡಿಗೆ ಬೆಂಕಿ ಬಿದ್ದಾಗ ನಿನ್ನ ಮಗನಿಗೆ ಎಷ್ಟು ವರ್ಷ?"

"ಚಿಕ್ಕೋನು ಬುದ್ದಿ. ನನ್ನ ಸೊಂಟಕ್ಕಿಂತ ವಸಿ ಮ್ಯಾಲಿದ್ದ."

"ಸೊಂಟದ ಅಳತೆ ಇಲ್ಲಿ ನಡೆಯಲ್ಲ. ಶಾನುಭೋಗರ ಜನನದ ಪುಸ್ತಕದಲ್ಲಿ ಹನಗೋಡಿನ ದೇವಯ್ಯನ ಮಗ ಅಂಕಯ್ಯ ಅಂತಿದೆ. ಅದರ ಪ್ರಕಾರ ಆಗ ಹದಿನೇಳು. ಹನ್ನೆರಡು ತುಂಬಿರಲಿಲ್ಲ, ತಿಳಿವಳಿಕೆ ಇರಲಿಲ್ಲ ಅಂದರೆ ಕಾನೂನು ಬಿಡುತ್ತೆ. ಹದಿನೇಳಾದರೆ ದೊಡ್ಡವರ ಜೈಲೇ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಬೆಂಕಿ ಬಿದ್ದು ಏಳು ವರ್ಷವಾಗಿತ್ತು. ಒಣಹುಲ್ಲು ಸುಟ್ಟರೆ ಮೊದಲ ಮಳೆಗೇ ಎಳೆಹುಲ್ಲು ಏಳುತ್ತದೆಂದು ದನ ಮೇಯಿಸುವವರೆಲ್ಲ ಬೇಸಿಗೆಯಲ್ಲಿ ಕಾಡಂಚಿಗೆ ಕಡ್ಡಿ ಗೀರುತ್ತಿದ್ದರು. ಅಂಕಯ್ಯನೂ ಗೀರಿದ. ಗಾಳಿ ತಿರುಗಿ, ಸರ್ಕಾರ ಕಡಿಸಿಟ್ಟಿದ್ದ ಬಿದಿರೆಲ್ಲ ಉರಿದುಹೋಯಿತು. ಹೆದರಿದ ಹುಡುಗ ಪಿರಿಯಾಪಟ್ಟಣದ ದಾರಿಯಲ್ಲಿ ಸಿಕ್ಕ ತೋಟದಾಳುಗಳ ಜೊತೆ ಸೇರಿ ಕೊಡಗಿಗೆ ದಾಟಿಬಿಟ್ಟ. ದೇವಯ್ಯ ಮಗನ ದಾರಿ ನೋಡಿ ನೋಡಿಯೇ ತೀರಿಕೊಂಡ. ಹೋದ ತಿಂಗಳು ಅಂಕಯ್ಯ ಮರಳಿ ಬಂದಾಗ ಕಾಫಿ ಮೂಟೆ ಹೊತ್ತು ಭುಜ ಅಗಲವಾಗಿತ್ತು, ಮೀಸೆ ದಪ್ಪವಾಗಿತ್ತು. ಮೂರನೆಯ ದಿನ ಪೊಲೀಸರು ಬಂದು ಹಿಡಿದರು.

ಪುಸ್ತಕದಲ್ಲಿದ್ದ ಅಂಕಯ್ಯ ಇವನಲ್ಲ. ಅವಳ ಚೊಚ್ಚಲ ಮಗ. ಊರೂರಿಗೆ ಜ್ವರ ಬಿದ್ದ ವರ್ಷ, ಐದು ತುಂಬಿದ್ದವನು, ಮೂರೇ ದಿನದಲ್ಲಿ ಹೋಗಿಬಿಟ್ಟ. ಮರುವರ್ಷ ಇವನು ಹುಟ್ಟಿದ. ಮಾವನ ಹೆಸರು ಬಿಡುವಂತಿರಲಿಲ್ಲವಾದ್ದರಿಂದ ಇವನೂ ಅಂಕಯ್ಯನೇ ಆದ. ಬರೆಸಿದವನು ಉಳಿಯಲಿಲ್ಲ, ಇವನನ್ನು ಬರೆಸಬೇಡ ಎಂದು ಹುಟ್ಟುಸಾವಿನ ಸುದ್ದಿ ಒಯ್ಯುವ ತೋಟಿಯ ಕೈ ಹಿಡಿದು ಅವಳೇ ಬೇಡಿಕೊಂಡಿದ್ದಳು. ಅತ್ತೆ ಇನ್ನೊಂದು ಕಟ್ಟುಪಾಡು ಹಾಕಿದರು: ಹೋದವನ ಸುದ್ದಿಯನ್ನು ಇವನ ಮುಂದೆ ಎತ್ತಬಾರದು, ಎತ್ತಿದರೆ ಅವನು ತನ್ನ ಹೆಸರು ಕೇಳಿಕೊಂಡು ಬಂದು ಇವನನ್ನೂ ಕರೆದೊಯ್ಯುತ್ತಾನೆ. ಹದಿನೆಂಟು ವರ್ಷ ಅವಳು ಬಾಯಿ ಬಿಟ್ಟಿರಲಿಲ್ಲ. ಕೆಲವು ಸಲ ತನಗೆ ಹುಟ್ಟಿದ್ದೇ ಒಬ್ಬನೇನೋ ಎಂದು ಅವಳಿಗೇ ಅನ್ನಿಸುತ್ತಿತ್ತು.

ಒಳಗಿನಿಂದ ಕೂಗಿದರು.

ಮ್ಯಾಜಿಸ್ಟ್ರೇಟರು ಕಟಕಟೆಯಲ್ಲಿದ್ದ ಅಂಕಯ್ಯನನ್ನು ಕನ್ನಡಕದ ಮೇಲಿಂದ ನೋಡಿದರು. "ಇವನೇನ್ರೀ ನಿಮ್ಮ ಮಗು?" ಎಂದು ವಕೀಲರನ್ನು ಕೇಳಿದಾಗ ಹಿಂದೆ ನಿಂತಿದ್ದವರು ನಕ್ಕರು. ಆಮೇಲೆ ಮ್ಯಾಜಿಸ್ಟ್ರೇಟರು ಅವಳತ್ತ ತಿರುಗಿದರು. "ಈ ಪುಸ್ತಕದಲ್ಲಿರೋ ಅಂಕಯ್ಯ ನಿನ್ನ ಮಗ ತಾನೇ?"

"ಊಂ ಬುದ್ದಿ."

ಶಿವನಂಜಪ್ಪನವರು ಕಣ್ಣು ಮುಚ್ಚಿಕೊಂಡರು. ಗುಮಾಸ್ತ ಬರೆಯತೊಡಗಿದ. ಆ ಲೇಖನಿಯ ಸದ್ದು ಕೇಳುತ್ತ ನಿಂತಿದ್ದ ಪುಟ್ಟಸಿದ್ದಮ್ಮನಿಗೆ, ತಾನು ಸುಮ್ಮನಿದ್ದರೂ ಇವನು ಹೋಗುತ್ತಾನೆ ಎಂಬುದು ಆಗ ಹೊಳೆಯಿತು.

"ಬುದ್ದಿ, ಅವನ್ನ ವಸಿ ಆಚಿಕ್ ಕಳ್ಸಿ. ಒಂದ್ ಮಾತದೆ."

"ಆರೋಪೀನೇ ಆಚೆ ಹೋದರೆ ಕೇಸು ಯಾರ ಮೇಲಮ್ಮ? ಇಲ್ಲಿ ಹೇಳೋದೆಲ್ಲ ಅವನ ಮುಂದೆಯೇ ಹೇಳಬೇಕು."

ಅಂಕಯ್ಯ ಏನೂ ತಿಳಿಯದೆ ಅವಳನ್ನೇ ನೋಡುತ್ತಿದ್ದ. ಅವಳು ಮುಖ ಗೋಡೆಯ ಕಡೆಗೆ ತಿರುಗಿಸಿದಳು.

"ಪುಸ್ತಕದಲ್ಲಿರೋನು ನನ್ನ ಮಗನೇ. ಇವನಲ್ಲ. ಅವನು ಸತ್ತೋದ. ಅದೇ ಎಸ್ರ ಇವನ್ಗಿಕ್ಕುದ್ವಿ. ಇವನ್ನ ನಾನೇ ಬರಸ್ನಿಲ್ಲ. ಸತ್ತೋರ ಪುಸ್ತಕ ತೆಗ್ಸಿ ಬುದ್ದಿ, ಅದ್ರಲ್ಲಿ ಅವನವ್ನೆ."

ಸಾಕ್ಷಿಗೆಂದು ಬಂದಿದ್ದ ಶಾನುಭೋಗರು ಮರಣದ ಪುಸ್ತಕವನ್ನೂ ಗಂಟಿನಲ್ಲಿ ತಂದಿದ್ದರು. ಎದುರಿಗೆ ಜೀವಂತ ನಿಂತವನನ್ನು ಅದರಲ್ಲಿ ಹುಡುಕಬೇಕೆಂದು ಯಾರಿಗೂ ತೋಚಿರಲಿಲ್ಲ. ಹಾಳೆ ಮಗುಚಿದರು. ಜ್ವರದ ವರ್ಷದ ಹಾಳೆಗಳು ಬಹಳ ಇದ್ದವು.

"ದೇವಯ್ಯನ ಮಗ ಅಂಕಯ್ಯ," ಎಂದು ಓದಿದರು. "ವಯಸ್ಸು ಐದು. ಜ್ವರ."

ಪುಟ್ಟಸಿದ್ದಮ್ಮ ತಟ್ಟನೆ ತಿರುಗಿ ಮಗನನ್ನು ನೋಡಿದಳು. ಬಾಯಿ ತೆರೆದುಕೊಂಡು ನಿಂತಿದ್ದ. ಎದೆ ಏರಿಳಿಯುತ್ತಿತ್ತು. ಮತ್ತೊಮ್ಮೆ ನೋಡಿದಳು. ಏರಿಳಿಯುತ್ತಲೇ ಇತ್ತು.

ಮ್ಯಾಜಿಸ್ಟ್ರೇಟರು ಇವನು ಹುಟ್ಟಿದ್ದು ಯಾವಾಗ ಎಂದು ಅವಳನ್ನೂ ಶಾನುಭೋಗರನ್ನೂ ಕೇಳಿ, ಎಣಿಸಿ, ಬೆಂಕಿಯ ವರ್ಷಕ್ಕೆ ಹನ್ನೊಂದೇ ಎಂದು ಬರೆದುಕೊಂಡರು. ಅಂಕಯ್ಯನನ್ನು ಒಂದೇ ಪ್ರಶ್ನೆ ಕೇಳಿದರು. "ಯಾಕೆ ಹಚ್ಚಿದೆ?"

"ಹುಲ್ಲು ಬರ್ಲಿ ಅಂತ ಸ್ವಾಮಿ. ಎಲ್ರೂವೆ ಹಚ್ಚೋರು. ದೊಡ್ಡೋರು ಮಾಡೋದು ತಪ್ಪು ಅಂತ ನಂಗೆಂಗ್ ಗೊತ್ತಾದದು?"

ಈ ಸಲ ಯಾರೂ ನಗಲಿಲ್ಲ. ಮ್ಯಾಜಿಸ್ಟ್ರೇಟರು ಬಹಳ ಹೊತ್ತು ಬರೆದರು. ಹನ್ನೆರಡು ತುಂಬದ ಮಗು, ಹಿರಿಯರು ಮಾಡುವುದನ್ನು ನೋಡಿ ಮಾಡಿದ್ದು, ಅದರ ಪರಿಣಾಮ ತಿಳಿಯುವ ಬುದ್ಧಿ ಇರಲಿಲ್ಲ, ಬಿಡಿ ಎಂದರು. ಪೊಲೀಸಿನವನು ಕೈಕೋಳ ಬಿಚ್ಚುತ್ತ, "ನಡೀಲಾ ಮಗೂ, ಮೀಸೆ ಬೋಳಿಸ್ಕೋ," ಎಂದ.

ಹನಗೋಡಿನ ರಸ್ತೆಯಲ್ಲಿ ತಾಯಿ ಮಗ ಇಬ್ಬರೇ ನಡೆದರು. ಹೊಲಗಳಲ್ಲಿ ರಾಗಿ ತೆನೆ ಬಾಗಿತ್ತು. ಅವಳು ಅವನ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಬಂದು ನಡೆಯುತ್ತಿದ್ದಳು, ಯಾರೋ ಬಂದು ಅವನನ್ನು ಕರೆಯಬಹುದೆಂಬಂತೆ. ಯಾರೂ ಬರಲಿಲ್ಲ.

"ಅವ್ವ," ಎಂದ ಅವನು, "ಅಣ್ಣ ಎಂಗಿದ್ದ?"

ಪುಟ್ಟಸಿದ್ದಮ್ಮನ ಕಾಲು ನಿಂತಿತು. ಹೇಳಲು ಬಾಯಿ ತೆರೆದರೆ ಮೊದಲು ಬಂದದ್ದು ನಗು.

"ನಿನಗಿಂತ ಚೆಂದಾಗಿದ್ದ ಕಣ್ಲಾ. ಬೆಲ್ಲ ಕೊಡ್ದೆ ಇದ್ರೆ ಮುದ್ದೆ ಮುಟ್ತಿರ್ನಿಲ್ಲ ಕಳ್ ನನ್ಮಗ."

ಆಮೇಲೆ ಕಣ್ಣೊರೆಸಿಕೊಂಡು, ನಡೆಯುತ್ತ, ಹೋದವನು ಮೊದಲು ಆಡಿದ ಮಾತು ಯಾವುದೆಂದು ಹೇಳತೊಡಗಿದಳು.