ಕಲಾವತಿಯವರ ಚಿತ್ರ ತೆಗೆದದ್ದು ನಾನು

ನಾನೊಂದು ಕ್ಯಾಮೆರಾ. ಅಂಗಡಿಯವರು ನನ್ನಂಥವರನ್ನು ಡಿಎಸ್ಎಲ್ಆರ್ ಎನ್ನುತ್ತಾರೆ. ನನ್ನ ಹೊಟ್ಟೆಯೊಳಗೆ ಓರೆಯಾಗಿ ಕೂತ ಪುಟ್ಟ ಕನ್ನಡಿಯೊಂದಿದೆ. ಎದುರಿಗೆ ಕೂತವರ ಮುಖ ಲೆನ್ಸಿನ ಮೂಲಕ ಒಳಗೆ ಬಂದು, ಆ ಕನ್ನಡಿಗೆ ತಗುಲಿ, ಹಿಂದಿನ ಕಿಂಡಿಗೆ ಕಣ್ಣಿಟ್ಟವರಿಗೆ ಕಾಣುತ್ತದೆ. ಗುಂಡಿ ಒತ್ತಿದರೆ ಕನ್ನಡಿ ಮೇಲೆದ್ದು ಬೆಳಕಿಗೆ ದಾರಿ ಬಿಟ್ಟು ಮತ್ತೆ ಬಂದು ಕೂರುತ್ತದೆ. ನನ್ನ 'ಖಟಕ್' ಸಪ್ಪಳ ಅದರದೇ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಕನ್ನಡಿ ಕೂರಿಸಿದಳು, ಇನ್ನೊಬ್ಬಳು ತಳಕ್ಕೆ ಒಂದು ಸಂಖ್ಯೆ ಹಾಕಿದಳು. ನಾನು ತೆಗೆಯುವ ಪ್ರತಿ ಚಿತ್ರದೊಳಗೂ, ನೋಡುವವರಿಗೆ ಕಾಣದಂತೆ, ಆ ಸಂಖ್ಯೆ ಸೇರಿರುತ್ತದೆ. ನನಗಿರುವ ಹೆಸರು ಅದೊಂದೇ.

ಬೆಟಗೇರಿಯ ಚಿದಾನಂದ ಹೂಗಾರ ಅವರು ನನ್ನನ್ನು ಕೊಂಡಾಗ ಅವರಿಗೆ ಮೂವತ್ತೈದು ವರ್ಷ. ಮನೆಯವರೆಲ್ಲ ಗುಡಿಗೆ ಮಾಲೆ ಕಟ್ಟುವವರು. ಇವರೊಬ್ಬರು ಸ್ಟುಡಿಯೊ ಇಟ್ಟಿದ್ದರು. ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆದು ತೆಗೆದು ಬೇಸತ್ತಿದ್ದ ಅವರಿಗೆ ಜನರ ಮುಖವನ್ನು ಸಾವಕಾಶವಾಗಿ ತೆಗೆಯುವ ಆಸೆ. ಬೆಳಿಗ್ಗೆ ಬಾಗಿಲು ತೆರೆದವರೇ ಮೆತ್ತನೆಯ ಬಟ್ಟೆಯಿಂದ ನನ್ನ ಲೆನ್ಸು ಒರೆಸುತ್ತಿದ್ದರು. ಆ ಕೈಯ ಹೂವಿನ ವಾಸನೆ ನನ್ನ ಪಟ್ಟಿಗೂ ಹತ್ತಿತ್ತು.

ಎರಡನೆಯ ವರ್ಷ ಕಲಾವತಿ ಪತ್ತಾರ ಎಂಬವರು ಬಂದರು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವವರು ಅವರು. ಊರಿಗೆಲ್ಲ ಅವರ ದನಿ ಗೊತ್ತಿತ್ತು, ಮುಖ ಕಂಡವರು ಕಡಿಮೆ. ಬಾಯಿಯ ಸುತ್ತ, ಎಡಗಣ್ಣಿನ ಮೇಲೆ, ಹಣೆಯ ಅಂಚಿನಲ್ಲಿ ತೊನ್ನಿನ ಬಿಳಿ ಮಚ್ಚೆಗಳಿದ್ದವು. ಗುರುತಿನ ಚೀಟಿಗೆ ಹೊಸ ಫೋಟೊ ಬೇಕಾಗಿತ್ತು.

"ಮೊದಲಿನ ಸ್ಟುಡಿಯೊದವರು ಎಲ್ಲಾ ಅಳಿಸಿ ಕೊಟ್ರು" ಎಂದರು ಅವರು. "ಕಾರ್ಡ್ ನೋಡಿದವರು ಇದು ನೀವಲ್ಲ ಅಂತಾರ. ನೀವು ತಿದ್ದಬ್ಯಾಡ್ರಿ."

"ಒಂದು ಚುಕ್ಕಿನೂ ಮುಟ್ಟಂಗಿಲ್ಲ ಅಕ್ಕಾರ" ಎಂದರು ಚಿದಾನಂದ.

ಚೀಟಿಯ ಫೋಟೊ ಮುಗಿದ ಮೇಲೆ, ಇನ್ನೊಂದು ತೆಗೆಯಲೇ ಎಂದು ಕೇಳಿ ಅವರನ್ನು ಕಿಟಕಿಯ ಪಕ್ಕ ಕೂರಿಸಿದರು. ಮೊದಮೊದಲು ಅವರ ಕೈ ಸೆರಗಿನ ಕಡೆಗೇ ಹೋಗುತ್ತಿತ್ತು. ನನ್ನ ಸಪ್ಪಳ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಚಿದಾನಂದ ನನ್ನ ಲೆನ್ಸು ಬಿಚ್ಚಿ ಕನ್ನಡಿ ತೋರಿಸಿದರು. ಆಮೇಲೆ ಕಲಾವತಿಯವರು ಒಂದೊಂದು ಸಪ್ಪಳಕ್ಕೂ ಕಾದು, ಅದು ಆದ ಮೇಲೆ ಉಸಿರು ಬಿಡತೊಡಗಿದರು. ಮೂವತ್ತನೆಯದೋ ಮೂವತ್ತೊಂದನೆಯದೋ ಸಪ್ಪಳದ ಹೊತ್ತಿಗೆ ಸೆರಗು ಮರೆತು ನೇರವಾಗಿ ನನ್ನೊಳಗೆ ನೋಡಿದರು. ಆ ನೋಟ ನಾನು ಹಿಡಿದೆ. ಮಚ್ಚೆಯ ಅಂಚೂ ರೆಪ್ಪೆಯ ಕೂದಲೂ ಕಣ್ಣಿನೊಳಗಿನ ಸಣ್ಣ ನಗುವೂ ಇದ್ದದ್ದು ಇದ್ದಂತೆಯೇ ಬಂದವು.

ಕಲಾವತಿಯವರು ಒಪ್ಪಿದ ಮೇಲೆ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಸ್ಟುಡಿಯೊದ ಗಾಜಿನ ಕಿಟಕಿಯಲ್ಲಿಟ್ಟರು. ಚಿದಾನಂದ ಅವರಿಗೆ ಹೆಸರು ಬಂದದ್ದು ಅದರಿಂದ. ಇದೇ ನಮೂನೆ ತೆಗೆಯಿರಿ ಎಂದು ಹುಬ್ಬಳ್ಳಿಯಿಂದಲೂ ಜನ ಬಂದರು. ಬಂದವರ ಎದುರು ಚಿದಾನಂದ ನನ್ನ ಬೆನ್ನು ತಟ್ಟಿ ಇದು ತಮ್ಮ ಮೂರನೆಯ ಕಣ್ಣು ಎನ್ನುತ್ತಿದ್ದರು. ನಾನು ನಂಬಿದ್ದೆ.

ಹತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಅವರ ಕಣ್ಣು ಸೋತಿತು. ಕಿಂಡಿಯಲ್ಲಿ ನೋಡುವಾಗ ರೆಪ್ಪೆ ಯಾವುದು, ಹುಬ್ಬು ಯಾವುದು ಎಂದು ತಡಕಾಡುವರು. ನಾನು ಅವರು ತೋರಿಸಿದ ಕಡೆಗೇ ನೋಡಬಲ್ಲವನು. ಅವರು ಕಿವಿಯನ್ನು ತೋರಿಸಿದರೆ ಕಿವಿಯೇ ಸ್ಪಷ್ಟವಾಗಿ ಬರುವುದು. ನಿಶ್ಚಯದ ಮನೆಯೊಂದರಲ್ಲಿ ಮದುಮಗಳ ಚಿತ್ರಗಳೆಲ್ಲ ಮಂಜಾದಾಗ, ಆ ಮನೆಯವರ ಮುಂದೆ ಕ್ಯಾಮೆರಾ ಹಳತಾಯಿತು, ಫೋಕಸ್ ಹೋಗಿದೆ ಎಂದುಬಿಟ್ಟರು. ಕನ್ನಡಕ ಹಾಕಿಸಿಕೊಳ್ಳಲಿಲ್ಲ. ಪಾಪ, ಅವರು ತಪ್ಪು ಈ ಕ್ಯಾಮೆರಾದ್ದೇ ಎಂದು ನಿಜವಾಗಿಯೂ ತಿಳಿದಿದ್ದಾರೆ ಎಂದುಕೊಂಡು ನಾನು ಅದನ್ನು ನುಂಗಿಕೊಂಡೆ.

ಅದೇ ತಿಂಗಳು ಮಿರರ್‌ಲೆಸ್ ಎಂಬ ಹೊಸ ನಮೂನೆಯ ಕ್ಯಾಮೆರಾ ಸ್ಟುಡಿಯೊಕ್ಕೆ ಬಂತು. ಅದರೊಳಗೆ ಕನ್ನಡಿಯಿಲ್ಲ, ಸಪ್ಪಳವಿಲ್ಲ. ಎದುರಿಗಿದ್ದವರ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ, ಚಿತ್ರ ಹೇಗೆ ಬರುವುದೆಂದು ಮೊದಲೇ ತೋರಿಸುತ್ತದೆ. ಒಳ್ಳೆಯ ಕ್ಯಾಮೆರಾ, ಅದರ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನು ಕಪಾಟಿನ ಮೇಲಿಟ್ಟರು. ಅಲ್ಲಿಂದ ಕಂಪ್ಯೂಟರಿನ ಪರದೆ ಚೆನ್ನಾಗಿ ಕಾಣುತ್ತಿತ್ತು.

ಕಾಣಬಾರದಾಗಿತ್ತು. ಹೊಸ ಕ್ಯಾಮೆರಾ ಮಾರಿದ ವ್ಯಾಪಾರಿ ಊರಿನ ಸಭಾಭವನದಲ್ಲಿ ಫೋಟೊಗ್ರಾಫರುಗಳಿಗೆ ಶಿಬಿರ ಇಟ್ಟು, ಚಿದಾನಂದ ಅವರನ್ನು ಮಾತಾಡಲು ಕರೆದಿದ್ದ. ಬ್ಯಾನರಿಗೆ ಹೊಸದರಲ್ಲಿ ತೆಗೆದ ಒಂದು ದೊಡ್ಡ ಮುಖಚಿತ್ರ ಬೇಕು ಎಂದಿದ್ದ. ಹೊಸದರಲ್ಲಿ ಅಂಥದ್ದು ಇನ್ನೂ ಆಗಿರಲಿಲ್ಲ. ಚಿದಾನಂದ ಕಲಾವತಿಯವರ ಚಿತ್ರವನ್ನು ಪರದೆಯ ಮೇಲೆ ತೆರೆದರು. ಮೊದಲು ಅದರೊಳಗಿದ್ದ ನನ್ನ ಸಂಖ್ಯೆಯನ್ನು ಅಳಿಸಿದರು. ಆಮೇಲೆ ಮಚ್ಚೆಗಳನ್ನು ಒಂದೊಂದಾಗಿ ಒರೆಸತೊಡಗಿದರು. ಬಾಯಿಯ ಸುತ್ತಿನದು ಹೋಯಿತು, ಹಣೆಯದು ಹೋಯಿತು. ಕಣ್ಣಿನ ಮೇಲಿನದು ಹೋಗುವಾಗ ಆ ನಗುವೂ ಹೋಯಿತು. ಮೂಲ ಚಿತ್ರದ ಮೇಲೆಯೇ ಅದನ್ನು ಉಳಿಸಿದ್ದರಿಂದ ತಿದ್ದದ ಚಿತ್ರ ಕಂಪ್ಯೂಟರಿನಲ್ಲಿ ಇಲ್ಲವಾಯಿತು.

ಶಿಬಿರದ ದಿನ ಹಳೆಯದು, ಹೊಸದು ಎಂದು ತೋರಿಸಲು ನನ್ನನ್ನೂ ಒಯ್ದು ಮೇಜಿನ ಮೇಲಿಟ್ಟರು. ಎದುರಿಗೆ ಕೂತು ಫೋಟೊ ತೆಗೆಸಿಕೊಳ್ಳಲು ವ್ಯಾಪಾರಿ, ಚಿತ್ರದವರೇ ಇರಲೆಂದು, ಕಲಾವತಿಯವರನ್ನೇ ಕರೆಸಿದ್ದ. ಹಿಂದಿನ ಗೋಡೆಯ ದೊಡ್ಡ ಬ್ಯಾನರನ್ನು ಅವರು ಬರುವಾಗ ಗಮನಿಸಿರಲಿಲ್ಲ. ಕುರ್ಚಿಯಲ್ಲಿ ಕೂತು ಮೊದಲಿನ ಹಾಗೆಯೇ ಉಸಿರು ಹಿಡಿದು ಕಾದರು. ಬಹಳ ಹೊತ್ತು ಕಾದರು.

"ತೆಗದ್ರೇನ್ರಿ?" ಎಂದು ಕೇಳಿದರು.

ಆಗಲೇ ಹನ್ನೆರಡು ತೆಗೆದಾಯಿತು ಎಂದು ವ್ಯಾಪಾರಿ ನಕ್ಕ. ಕಲಾವತಿಯವರು ಏಳುತ್ತ ಹಿಂದೆ ತಿರುಗಿದರು. ಬ್ಯಾನರು ಕಂಡಿತು.

"ಇದು ಯಾರ ಮಾರಿ?"

"ನಿಮ್ಮದ ಐತ್ರಿ ಅಕ್ಕಾರ" ಎಂದರು ಚಿದಾನಂದ. "ಈ ಹೊಸಾ ಕ್ಯಾಮೆರಾದಾಗ ತೆಗದದ್ದು."

ಕಲಾವತಿಯವರು ಮೇಜಿನ ಮೇಲಿದ್ದ ನನ್ನನ್ನು ತೋರಿಸಿದರು. ಆ ದಿನ ತಾವು ಉಟ್ಟಿದ್ದ ಸೀರೆ ಅದು, ತೆಗೆದದ್ದು ಈ ಕ್ಯಾಮೆರಾ, ಇದು ಸಪ್ಪಳ ಮಾಡುತ್ತಿತ್ತು ಎಂದರು. ದನಿ ಏರಿಸಲಿಲ್ಲ. ಮೈಕಿಲ್ಲದೆಯೂ ಅವರ ಮಾತು ಕೊನೆಯ ಸಾಲಿನವರೆಗೆ ಕೇಳಿಸಿತು.

ಚಿದಾನಂದ ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ವ್ಯಾಪಾರಿಯ ಕಡೆ ನೋಡಿದರು.

"ನಿಮಗ ನೆನಪಿಲ್ಲ ಅಕ್ಕಾರ."

ನನಗೆ ಬಾಯಿ ಇದ್ದಿದ್ದರೆ ಎಂದು ಅನ್ನಿಸಿದ್ದು ಅದೊಂದೇ ಸಲ. ಕಲಾವತಿಯವರು ಚಪ್ಪಲಿ ಮೆಟ್ಟಿ ಹೊರಟುಹೋದರು.

ಮರುದಿನ ಬೆಳಿಗ್ಗೆ ಸ್ಟುಡಿಯೊಕ್ಕೆ ಬಂದರು. ತಿದ್ದದ ಚಿತ್ರವನ್ನು ಕೊಡಿ ಎಂದು ಕೇಳಿದರು. ಅದು ಈಗ ಇಲ್ಲ ಎಂದು ಚಿದಾನಂದ ನೆಲ ನೋಡುತ್ತ ಹೇಳಿದರು. ಆಗ ಕಲಾವತಿಯವರು ಗಾಜಿನ ಕಿಟಕಿಗೆ ಹೋಗಿ ಕಟ್ಟು ಹಾಕಿದ ಫೋಟೊವನ್ನು ಕೈಯಾರೆ ಇಳಿಸಿದರು. "ಇದು ನನ್ನ ಮಾರಿ. ಒಯ್ತೀನಿ" ಎಂದರು. ಕಾಗದದಲ್ಲಿ ಸುತ್ತಿ ಕೊಡಲು ಹೋದರೆ ಬೇಡವೆಂದು, ಚಿತ್ರವನ್ನು ಎದೆಗಾನಿಸಿ, ಅದರ ಮುಖ ಜನರ ಕಡೆಗೆ ಮಾಡಿಕೊಂಡು ಬಜಾರಿನಲ್ಲಿ ನಡೆದು ಹೋದರು. ಖಾಲಿಯಾದ ಕಿಟಕಿಯಿಂದ ಅವರು ತಿರುವಿನವರೆಗೆ ಹೋದದ್ದು ನನಗೆ ಕಂಡಿತು.

ಆ ವಾರವೇ ಚಿದಾನಂದ ನನ್ನನ್ನು ಹುಬ್ಬಳ್ಳಿಗೆ ಒಯ್ದು ಕ್ಯಾಮೆರಾ ರಿಪೇರಿಯ ದಾವಲಸಾಬರಿಗೆ ಕೊಟ್ಟರು. ಫೋಕಸ್ ಹೋಗಿದೆ, ಬಿಡಿಭಾಗಕ್ಕೆ ಇಟ್ಟುಕೊಳ್ಳಿ ಎಂದರು. ದಾವಲಸಾಬರು ಅವರ ಮಾತನ್ನು ನಂಬಿ ನನ್ನನ್ನು ಕೆಟ್ಟ ಕ್ಯಾಮೆರಾಗಳ ಡಬ್ಬಿಗೆ ಹಾಕಿದರು. ಕತ್ತಲೆಯಲ್ಲಿ ಎಂಟು ತಿಂಗಳು ಇದ್ದೆ. ಒಂದು ದಿನ ಭಾಗ ಬಿಚ್ಚಲೆಂದು ಹೊರತೆಗೆದವರು, ಬ್ಯಾಟರಿ ಹಾಕಿ ಎದುರಂಗಡಿಯ ಫಲಕದ ಫೋಟೊ ತೆಗೆದು ನೋಡಿದರು. ಇನ್ನೊಮ್ಮೆ ತೆಗೆದರು. ಏನೂ ಬಿಚ್ಚದೆ ನನ್ನನ್ನು ಒರೆಸಿ ಕಪಾಟಿನಲ್ಲಿಟ್ಟರು.

ಮೊನ್ನೆ ಚಿದಾನಂದ ಬಂದರು, ಹೊಸ ಕ್ಯಾಮೆರಾವನ್ನು ಸ್ವಚ್ಛ ಮಾಡಿಸಲು. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಬಂದಿತ್ತು. ಹಳೆಯ ಪ್ರೀತಿ ಒಂದಿಷ್ಟು ಉಳಿದೇ ಇರುತ್ತದೆ. ಅವರ ಕೈ ಕಂಡು ನನ್ನ ಜೀವ ಹಗುರಾಯಿತು. ಇಂದಾದರೂ ಅವರಿಗೆ ನಿಜ ತಿಳಿಯಲಿ ಎಂದುಕೊಂಡೆ. ದಾವಲಸಾಬರು ನನ್ನನ್ನು ತೋರಿಸಿಯೇಬಿಟ್ಟರು.

"ನಿಮ್ಮ ಆ ಹಳೇ ಕ್ಯಾಮೆರಾಕ್ಕ ಏನೂ ಆಗಿಲ್ರಿ. ಫೋಕಸ್ ಬರೋಬ್ಬರಿ ಐತಿ."

ಚಿದಾನಂದ ನನ್ನ ಕಡೆ ತಿರುಗಲಿಲ್ಲ. ಹೊಸ ಕ್ಯಾಮೆರಾವನ್ನು ಚೀಲಕ್ಕಿಟ್ಟು ಜಿಪ್ಪು ಎಳೆದರು.

"ಗೊತ್ತಿತ್ತು" ಎಂದರು.